ಮುರಿದ ವರ್ಣತಂತು ಹೇಳುವ ಹೆಸರು: ಯೂಯಿಂಗ್ ಸಾರ್ಕೋಮಾದ ಪತ್ತೆ ನಡೆದುಬಂದ ದಾರಿ

ಹದಿನಾಲ್ಕರ ಹುಡುಗನ ತೊಡೆ ಊದಿಕೊಳ್ಳುತ್ತದೆ. ರಾತ್ರಿ ನೋವು, ಸಂಜೆಗೆ ಸಣ್ಣ ಜ್ವರ. ಆಟದಲ್ಲಿ ಬಿದ್ದ ಪೆಟ್ಟೆಂದು ಕೆಲವು ವಾರ, ಮೂಳೆಯ ಸೋಂಕೆಂದು ಇನ್ನು ಕೆಲವು ವಾರ ಕಳೆದುಹೋಗುತ್ತವೆ. ಕೊನೆಗೆ ಬಯಾಪ್ಸಿ ವರದಿ ಬಂದಾಗ ಅದರಲ್ಲೊಂದು ಸಾಲು: ‘ಇಡಬ್ಲ್ಯುಎಸ್‌ಆರ್1 ಮರುಜೋಡಣೆ ಕಂಡುಬಂದಿದೆ’. ಅಪ್ಪ ಅಮ್ಮ ಅದನ್ನು ಹತ್ತು ಸಲ ಓದುತ್ತಾರೆ, ತಲೆಬುಡ ತಿಳಿಯುವುದಿಲ್ಲ. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಬಿಡಿಸಿ ಹೇಳುವಷ್ಟು ಹೊತ್ತು ವೈದ್ಯರಿಗೂ ಸಿಗುವುದಿಲ್ಲ. ಯೂಯಿಂಗ್ ಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರನ್ನು ಸೂಚಿಸುವ ಅಂಥ ಒಂದು ಸಾಲು ಬರೆಯುವ ಮಟ್ಟಕ್ಕೆ ಬರಲು ವೈದ್ಯಶಾಸ್ತ್ರಕ್ಕೇ ಎಪ್ಪತ್ತು ವರ್ಷ ಹಿಡಿದಿತ್ತು.

ನ್ಯೂಯಾರ್ಕಿನ ರೋಗಶಾಸ್ತ್ರಜ್ಞ ಜೇಮ್ಸ್ ಯೂಯಿಂಗ್ ಅವರ ಮುಂದೆ ಬಂದದ್ದು ಹದಿನಾಲ್ಕು ವರ್ಷದ ಹುಡುಗಿಯೊಬ್ಬಳ ಮುಂಗೈ ಮೂಳೆಯ ಗೆಡ್ಡೆ. ಮೂಳೆಯ ಇನ್ನೊಂದು ಕ್ಯಾನ್ಸರಾದ ಆಸ್ಟಿಯೋಸಾರ್ಕೋಮಾ ವಿಕಿರಣಕ್ಕೆ ಸುಲಭವಾಗಿ ಜಗ್ಗುವುದಿಲ್ಲ, ಇದು ಜಗ್ಗಿತು. ರಕ್ತನಾಳದ ಒಳಪದರದಿಂದ ಹುಟ್ಟಿರಬೇಕೆಂದು ಎಣಿಸಿ 1921ರಲ್ಲಿ ಅವರು ಇದನ್ನು ‘ಎಂಡೋಥೀಲಿಯೋಮಾ’ ಎಂದು ಕರೆದರು. ಹುಟ್ಟಿನ ಬಗೆಗಿನ ಊಹೆ ಬಿದ್ದುಹೋಯಿತು, ಬೇರೆಯೇ ರೋಗವೆಂಬ ಗ್ರಹಿಕೆ ಉಳಿಯಿತು. ಮುಂದಿನ ಅರವತ್ತು ವರ್ಷ ಇದು ಸ್ವತಂತ್ರ ರೋಗವೋ, ಇನ್ನೆಲ್ಲಿಂದಲೋ ಮೂಳೆಗೆ ಹರಡಿದ, ಎಳೆಯ ನರಕೋಶಗಳ ಕ್ಯಾನ್ಸರಾದ ನ್ಯೂರೋಬ್ಲಾಸ್ಟೋಮಾವೋ ಎಂಬ ವಾದದಲ್ಲೇ ಸವೆದವು.

ವಾದಕ್ಕೆ ಕಾರಣವಿತ್ತು. ಸೂಕ್ಷ್ಮದರ್ಶಕದಡಿ ಕಾಣುವುದು ರಾಗಿ ಚೆಲ್ಲಿದಂತೆ ಒತ್ತೊತ್ತಾಗಿ ಬಿದ್ದ ಸಣ್ಣ, ದುಂಡನೆಯ ನೀಲಿ ಕೋಶಗಳು. ದುಗ್ಧಗ್ರಂಥಿಗಳ ಕ್ಯಾನ್ಸರಾದ ಲಿಂಫೋಮಾ ಕೂಡ ಹಾಗೇ ಕಾಣಬಲ್ಲದು, ನ್ಯೂರೋಬ್ಲಾಸ್ಟೋಮಾ ಕೂಡ. ಕಣ್ಣಿಗೆ ಒಂದೇ, ಕೊಡಬೇಕಾದ ಔಷಧ ಬೇರೆ ಬೇರೆ.

ದಾರಿ ತೋರಿದ್ದು ರಕ್ತದ ಕ್ಯಾನ್ಸರ್. 1960ರಲ್ಲಿ ಅದರ ಒಂದು ಬಗೆಯಲ್ಲಿ ‘ಫಿಲಡೆಲ್ಫಿಯಾ ವರ್ಣತಂತು’ ಎಂಬ ಅಸಹಜವಾಗಿ ಗಿಡ್ಡವಾದ ವರ್ಣತಂತು ಕಂಡಿತು. 9 ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾದದ್ದೇ ಅದರ ಮೂಲವೆಂದು 1973ರಲ್ಲಿ ಅಮೆರಿಕದ ತಳಿವಿಜ್ಞಾನಿ ಜಾನೆಟ್ ರೌಲಿ ತೋರಿಸಿದರು. ಹತ್ತು ವರ್ಷದ ಬಳಿಕ, 1983ರಲ್ಲಿ, ಫ್ರಾನ್ಸಿನ ಎರಡು ತಂಡಗಳು ಯೂಯಿಂಗ್ ಗೆಡ್ಡೆಯಲ್ಲಿ 11 ಮತ್ತು 22ರ ನಡುವೆ ಇಂಥದೇ ಅದಲುಬದಲನ್ನು ಕಂಡವು. ಮರುವರ್ಷ ನರಮೂಲದ್ದೆಂದು ಎಣಿಸಿದ್ದ ಇನ್ನೊಂದು ಗೆಡ್ಡೆಯಲ್ಲೂ ಅದೇ ಗುರುತು ಸಿಕ್ಕಿತು. ಬೇರೆ ಬೇರೆ ಹೆಸರಿನಲ್ಲಿದ್ದ ರೋಗಗಳು ಒಂದೇ ಮನೆಯವೆಂದು ತಿಳಿಯಿತು. 1992ರಲ್ಲಿ ಪ್ಯಾರಿಸ್ಸಿನ ಕ್ಯೂರಿ ಸಂಸ್ಥೆಯ ಒಲಿವಿಯೇ ದೆಲಾತ್ರ್ ಮತ್ತು ಸಂಗಡಿಗರು ಮುರಿದ ಜಾಗದಲ್ಲಿ ಬೆಸೆದುಕೊಂಡ ಎರಡು ಜೀನ್‌ಗಳನ್ನೇ ಹೊರತೆಗೆದರು.

ಇದು ಕೆಟ್ಟ ಕಸಿ. 22ರಲ್ಲಿರುವ ಇಡಬ್ಲ್ಯುಎಸ್‌ಆರ್1 ಜೀನಿನ ಮುಂಭಾಗಕ್ಕೆ 11ರಲ್ಲಿರುವ ಎಫ್‌ಎಲ್‌ಐ1 ಜೀನಿನ ಹಿಂಭಾಗ ಅಂಟಿಕೊಳ್ಳುತ್ತದೆ. ಹಿಂಭಾಗಕ್ಕೆ ಡಿಎನ್‌ಎಯನ್ನು ಹಿಡಿಯುವುದು ಗೊತ್ತು, ಮುಂಭಾಗಕ್ಕೆ ಜೀನ್‌ಗಳನ್ನು ಎಬ್ಬಿಸುವುದು ಗೊತ್ತು. ಎರಡೂ ಸೇರಿದಾಗ ಮಲಗಿರಬೇಕಾದ ಜೀನ್‌ಗಳು ಏಳುತ್ತವೆ. ಸುಮಾರು ಶೇ 85ರಷ್ಟು ರೋಗಿಗಳಲ್ಲಿ ಜೊತೆಗಾರ ಎಫ್‌ಎಲ್‌ಐ1. ಉಳಿದವರಲ್ಲಿ ಹೆಚ್ಚಿನವರಿಗೆ 21ರಲ್ಲಿರುವ ಇಆರ್‌ಜಿ. ಒಂದು ಮಾತನ್ನು ಇಲ್ಲಿ ಒತ್ತಿ ಹೇಳಲೇಬೇಕು. ಈ ಬೆಸುಗೆ ತಂದೆತಾಯಿಯಿಂದ ಇಳಿದುಬಂದದ್ದಲ್ಲ, ಮಗುವಿನ ದೇಹದ ಯಾವುದೋ ಒಂದು ಕೋಶದಲ್ಲಿ ಆದದ್ದು. ‘ಜೀನ್’ ಎಂಬ ಪದ ಕೇಳಿದೊಡನೆ ತಮ್ಮನ್ನೇ ಹಳಿದುಕೊಳ್ಳುವ ತಾಯಂದಿರಿಗೆ ಇದನ್ನು ಮೊದಲ ದಿನವೇ ಹೇಳಬೇಕು.

ಪತ್ತೆಗೆ ಹೆಚ್ಚು ಬಳಕೆಯಲ್ಲಿರುವುದು ಜೀನಿಗೆ ಹೊಳೆಯುವ ಬಣ್ಣ ಅಂಟಿಸಿ ನೋಡುವ ಫಿಶ್ ಪರೀಕ್ಷೆ. ಕತ್ತಲೆ ಕೋಣೆಯಲ್ಲಿ ಪ್ರತಿದೀಪ್ತಿ ಸೂಕ್ಷ್ಮದರ್ಶಕದಡಿ ನೋಡಿದರೆ ನೀಲಿ ಕೋಶಕೇಂದ್ರದೊಳಗೆ ಕೆಂಪು ಮತ್ತು ಹಸಿರು ಚುಕ್ಕೆಗಳು ಹೊಳೆಯುತ್ತವೆ. ಜೀನಿನ ಒಂದು ಪಕ್ಕಕ್ಕೆ ಕೆಂಪು, ಇನ್ನೊಂದಕ್ಕೆ ಹಸಿರು. ಜೀನ್ ಅಖಂಡವಾಗಿದ್ದರೆ ಎರಡೂ ಒತ್ತಿಕೊಂಡು ಹಳದಿಯಾಗಿ ಕಾಣುತ್ತವೆ. ಮುರಿದಿದ್ದರೆ ಕೆಂಪು ಒಂದೆಡೆ, ಹಸಿರು ಇನ್ನೊಂದೆಡೆ. ಕೋಶದಿಂದ ಕೋಶಕ್ಕೆ ಎಣಿಸುತ್ತ ಹೋಗಬೇಕು.

ಆದರೆ ಈ ಪರೀಕ್ಷೆ ಇಡಬ್ಲ್ಯುಎಸ್‌ಆರ್1 ಮುರಿದಿದೆ ಎಂದಷ್ಟೇ ಹೇಳುತ್ತದೆ, ಅದು ಯಾರ ಜೊತೆ ಕೂಡಿತೆಂದು ಹೇಳುವುದಿಲ್ಲ. ಇದೇ ಜೀನ್ ಡಬ್ಲ್ಯುಟಿ1 ಜೊತೆ ಕೂಡಿದರೆ ಬೇರೆಯೇ ಗೆಡ್ಡೆ, ಎಟಿಎಫ್1 ಜೊತೆ ಕೂಡಿದರೆ ಮತ್ತೊಂದು. ನೋಡಲು ಯೂಯಿಂಗ್‌ನಂತೆಯೇ ಇದ್ದರೂ ಈ ಮುರಿತವೇ ಇಲ್ಲದ ಗೆಡ್ಡೆಗಳೂ ಇವೆ: 2006ರಲ್ಲಿ ಸಿಐಸಿ-ಡಿಯುಎಕ್ಸ್4 ಬೆಸುಗೆ, 2012ರಲ್ಲಿ ಬಿಸಿಒಆರ್-ಸಿಸಿಎನ್‌ಬಿ3 ಬೆಸುಗೆ ವರದಿಯಾದವು. 2020ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಇವನ್ನೆಲ್ಲ ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿತು. ಜೊತೆಗಾರನನ್ನೂ ಹೆಸರಿಸಿ ಹೇಳುವ ಆರ್‌ಎನ್‌ಎ ಅನುಕ್ರಮಣ ಈಗ ಇದೆ. ಅದರ ಖರ್ಚು ಎಲ್ಲರ ಕೈಗೆಟುಕುವಂಥದ್ದಲ್ಲ.

ಎಲ್ಲ ಮೂಳೆ ಕ್ಯಾನ್ಸರಿಗೂ ಇಂಥ ಗುರುತು ಇಲ್ಲ. ಆಸ್ಟಿಯೋಸಾರ್ಕೋಮಾದಲ್ಲಿ ವರ್ಣತಂತುಗಳೇ ಚೂರುಚೂರಾಗಿರುತ್ತವೆ, ಪ್ರತಿ ರೋಗಿಯಲ್ಲೂ ಮರಳಿ ಸಿಗುವ ಒಂದು ಬೆಸುಗೆ ಸಿಗದು. ಅದರ ಒಂದು ಬಗೆಯನ್ನು ಹೋಲುವ, ರಕ್ತ ತುಂಬಿದ ನಿರಪಾಯಕಾರಿ ಮೂಳೆ ಚೀಲದಲ್ಲಿ ಮಾತ್ರ 2004ರಲ್ಲಿ ಯುಎಸ್‌ಪಿ6 ಬೆಸುಗೆ ಸಿಕ್ಕಿತು. ಅನುಮಾನದ ಹೊತ್ತಿನಲ್ಲಿ ಆ ಒಂದು ಗುರುತು ಮಗುವಿನ ಕಾಲನ್ನು ಉಳಿಸಬಲ್ಲದು.

ಇಷ್ಟೆಲ್ಲ ವಿದ್ಯೆ ಕೈಕೊಡುವ ಜಾಗ ಬಹಳ ಸಾಮಾನ್ಯವಾದದ್ದು: ಆಮ್ಲದ ಬಾಟಲಿ. ಮೂಳೆ ಗಟ್ಟಿ. ತೆಳುವಾಗಿ ಕೊಯ್ಯಲು ಅದರ ಸುಣ್ಣವನ್ನು ಕರಗಿಸಬೇಕು. ನೈಟ್ರಿಕ್ ಅಥವಾ ಹೈಡ್ರೋಕ್ಲೋರಿಕ್ ಆಮ್ಲ ಬೇಗ ಕರಗಿಸುತ್ತದೆ, ಜೊತೆಗೆ ಡಿಎನ್‌ಎಯನ್ನೂ ಆರ್‌ಎನ್‌ಎಯನ್ನೂ ಹಾಳುಗೆಡವುತ್ತದೆ. ಇಡಿಟಿಎ ದ್ರಾವಣ ಅವನ್ನು ಉಳಿಸುತ್ತದೆ, ಆದರೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕಾಯಬೇಕು. ವರದಿ ಬೇಗ ಬೇಕೆಂಬ ಒತ್ತಡ ಎಲ್ಲರ ಮೇಲೂ ಇರುತ್ತದೆ. ಊರಿನಲ್ಲಿ ಬಯಾಪ್ಸಿ ಮಾಡಿ, ಗೆಡ್ಡೆಯ ಚೂರನ್ನು ಹುದುಗಿಸಿದ ಮೇಣದ ಬ್ಲಾಕನ್ನು ದೂರದ ನಗರಕ್ಕೆ ಕಳಿಸಿದಾಗ ಅಲ್ಲಿ ಚುಕ್ಕೆಗಳೇ ಹೊಳೆಯದಿದ್ದರೆ, ಮಗುವಿಗೆ ಮತ್ತೊಮ್ಮೆ ಸೂಜಿ ಚುಚ್ಚಬೇಕಾಗಬಹುದು.

ಗೆಡ್ಡೆಯ ಮೆತ್ತನೆಯ ಭಾಗದ ಒಂದು ಚೂರನ್ನು ಆಮ್ಲಕ್ಕೆ ಹಾಕದೆ, ಚೂರು ಕೆಡದಂತೆ ಕಾಯುವ ಫಾರ್ಮಲಿನ್ ಮಾತ್ರ ಬಳಸಿ ಪ್ರತ್ಯೇಕ ಬ್ಲಾಕ್ ಮಾಡಿದರೆ ಈ ತೊಂದರೆ ತಪ್ಪುತ್ತದೆ. ಅದಕ್ಕೆ ಹೊಸ ಯಂತ್ರ ಬೇಡ, ಹಣವೂ ಹೆಚ್ಚೇನೂ ಬೇಡ. ಬಯಾಪ್ಸಿಯ ದಿನ ವೈದ್ಯರನ್ನು ಮನೆಯವರೂ ಕೇಳಬಹುದು: ‘ಒಂದು ಚೂರನ್ನು ಆಮ್ಲಕ್ಕೆ ಹಾಕದೆ ಎತ್ತಿಟ್ಟಿದ್ದೀರಾ?’