ಆಸ್ಪತ್ರೆ ವಾರ್ಡಿನ ಮಕ್ಕಳಿಗೆ ಟೀಚರ್ ಸಿಕ್ಕಿದ್ದು ಹೇಗೆ

ಇಂಗ್ಲೆಂಡಲ್ಲಿ 1971ರ ಏಪ್ರಿಲ್ 1ರ ತನಕ ಬುದ್ಧಿ ಬೆಳವಣಿಗೆ ಕುಂಠಿತವಾದ ಒಂದಷ್ಟು ಮಕ್ಕಳಿಗೆ ಶಾಲೆಯ ಹಕ್ಕೇ ಇರ್ಲಿಲ್ಲ. 1944ರ ಶಿಕ್ಷಣ ಕಾಯ್ದೆ ಎಲ್ಲಾ ಮಕ್ಕಳಿಗೂ ಓದು ಅಂತ ಹೇಳಿದ್ರೂ ಅದರಲ್ಲೇ 57ನೇ ಸೆಕ್ಷನ್ ಅಂತ ಒಂದಿತ್ತು, ಈ ಮಗುಗೆ ಕಲಿಸೋಕಾಗಲ್ಲ ಅಂತ ಶಿಕ್ಷಣ ಇಲಾಖೆಯವರು ತೀರ್ಮಾನ ಮಾಡಿದ್ರೆ ಆ ಮಗು ಆರೋಗ್ಯ ಇಲಾಖೆ ಪಾಲು. ಸಾಮಾನ್ಯವಾಗಿ ಬುದ್ಧಿಮಟ್ಟ ಅಳೆಯೋ ಐಕ್ಯೂ ಪರೀಕ್ಷೆಯಲ್ಲಿ 50ರ ಕೆಳಗೆ ಬಂದ ಮಕ್ಕಳು ಇದಕ್ಕೆ ಸಿಕ್ಕಿಹಾಕ್ಕೊಳ್ತಿದ್ರು. ಮನೇಲಿದ್ದೋರು ಆರೋಗ್ಯ ಇಲಾಖೆಯವರು ನಡೆಸ್ತಿದ್ದ ಟ್ರೇನಿಂಗ್ ಸೆಂಟರ್‌ಗೆ ಹೋಗ್ತಿದ್ರು, ಅಲ್ಲೂ ಸೀಟ್ ಸಿಗದೆ ಇದ್ರೆ ಮನೇಲೇ, ಮತ್ತೆ ಸಾವಿರಾರು ಮಕ್ಕಳು ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ, ಕೆಲವರು ಜೀವನ ಪೂರ್ತಿ.

ಆ ಆಸ್ಪತ್ರೆಗಳು ಹೇಗಿದ್ವು ಅಂದ್ರೆ, ಲಂಡನ್ನಿನ ಟೂಟಿಂಗ್‌ನಲ್ಲಿದ್ದ ಫೌಂಟನ್ ಆಸ್ಪತ್ರೆ ನೋಡಿ. 1893ರಲ್ಲಿ ಸಾಂಕ್ರಾಮಿಕ ಜ್ವರದ ರೋಗಿಗಳಿಗೆ ಅಂತ ತಾತ್ಕಾಲಿಕವಾಗಿ ಕಟ್ಟಿದ್ದು, ಆಮೇಲೆ ಅದೇ ಕಟ್ಟಡಗಳಿಗೆ ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳನ್ನ ತಂದು ಸೇರಿಸಿದ್ರು. ಬೆಡ್ ಪಕ್ಕ ಬೆಡ್, ನರ್ಸ್‌ಗಳು ಕಮ್ಮಿ, ಊಟ ಮಾಡಿಸಿ ಬಟ್ಟೆ ಬದಲಿಸೋಷ್ಟರಲ್ಲೇ ಅವರ ದಿನ ಮುಗೀತಿತ್ತು. ಆ ನರ್ಸ್‌ಗಳನ್ನ ದೂರೋಕೆ ನನಗೆ ಮನಸ್ಸಿಲ್ಲ, ಇದ್ದಷ್ಟು ಕೈಗಳಲ್ಲಿ ಅವರಾದ್ರೂ ಇನ್ನೇನು ಮಾಡ್ತಾರೆ.

ನ್ಯೂಜಿಲೆಂಡ್‌ನಿಂದ ಬಂದಿದ್ದ ಮನಶ್ಶಾಸ್ತ್ರಜ್ಞ ಜ್ಯಾಕ್ ಟಿಜಾರ್ಡ್ 1958ರಲ್ಲಿ ಈ ಫೌಂಟನ್ ಆಸ್ಪತ್ರೆಯಿಂದಲೇ 16 ಮಕ್ಕಳನ್ನ ಲಂಡನ್ ಪಕ್ಕದ ಸರ್ರೆಯ ಬ್ರೂಕ್‌ಲ್ಯಾಂಡ್ಸ್ ಅನ್ನೋ ಮನೆಗೆ ಕರ್ಕೊಂಡು ಹೋದ್ರು. ಅವರ ಹಾಗೇ ಇದ್ದ ಇನ್ನೂ 16 ಮಕ್ಕಳು ಹೋಲಿಕೆಗೆ ಅಂತ ಆಸ್ಪತ್ರೆಯಲ್ಲೇ ಉಳಿದ್ರು. ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಹೊಸ ಔಷಧಿ ಏನೂ ಇರ್ಲಿಲ್ಲ, ಚಿಕ್ಕ ಚಿಕ್ಕ ಗುಂಪು, ದಿನಾ ನೋಡ್ಕೊಳ್ಳೋಕೆ ಅದೇ ಮುಖಗಳು, ಆಟ, ಮಾತು, ನರ್ಸರಿ ಶಾಲೆ ಥರದ ದಿನಚರಿ, ಅಷ್ಟೇ. ಎರಡು ವರ್ಷ ಆಗೋಷ್ಟರಲ್ಲಿ ಈ ಮಕ್ಕಳು ಮಾತಲ್ಲಿ ಆಸ್ಪತ್ರೆಯಲ್ಲಿ ಉಳಿದವರಿಗಿಂತ ಎಷ್ಟೋ ಮುಂದೆ ಹೋಗಿದ್ರು, ಜೊತೆಯವರ ಜೊತೆ ಆಡೋದು ಕಲ್ತಿದ್ರು. ನನ್ನ ಪ್ರಕಾರ ಈ ಇಡೀ ಕಥೆಯಲ್ಲಿ ಇದಕ್ಕಿಂತ ಮುಖ್ಯವಾದ ಘಟ್ಟ ಇನ್ನೊಂದಿಲ್ಲ, ಯಾಕಂದ್ರೆ ಕಲಿಯೋಕಾಗಲ್ಲ ಅಂತ ಬರೆದಿಟ್ಟ ಮಕ್ಕಳು ಎಲ್ಲರ ಕಣ್ಣೆದುರೇ ಕಲಿತು ತೋರಿಸಿದ್ರು.

ಇಷ್ಟಾದ್ರೂ ಸರ್ಕಾರ ಅಲ್ಲಾಡಲಿಲ್ಲ. ಬ್ರೂಕ್‌ಲ್ಯಾಂಡ್ಸ್ ಪ್ರಯೋಗ ನಡೀತಿರೋವಾಗ್ಲೇ ಬಂದ 1959ರ ಮಾನಸಿಕ ಆರೋಗ್ಯ ಕಾಯ್ದೆ ಮಕ್ಕಳನ್ನ ಶಾಲೆಯಿಂದ ಹೊರಗಿಡೋ ಪದ್ಧತಿಯನ್ನ ಹಾಗೇ ಉಳಿಸ್ಕೊಂಡಿತ್ತು, ಆಮೇಲೂ ಅದು ಬದಲಾಗ್ಲಿಲ್ಲ. ತಂದೆ ತಾಯಂದಿರ ಸಂಘಗಳು ವರ್ಷಾನುಗಟ್ಟಲೆ ಒತ್ತಾಯ ಮಾಡಿದ್ವು, 1969ರಲ್ಲಿ ಕಾರ್ಡಿಫ್‌ನ ಈಲಿ ಆಸ್ಪತ್ರೆಯಲ್ಲಿ ರೋಗಿಗಳಿಗೆ ಆಗ್ತಿದ್ದ ಹಿಂಸೆಯ ತನಿಖಾ ವರದಿ ಬಂದು ಇಂಥ ಆಸ್ಪತ್ರೆಗಳ ಒಳಗೆ ಏನಾಗ್ತಿದೆ ಅಂತ ಜನಕ್ಕೆ ಗೊತ್ತಾಯ್ತು. ಕೊನೆಗೆ 1970ರ ಜುಲೈನಲ್ಲಿ ಹೊಸ ಕಾಯ್ದೆ ಪಾಸಾಗಿ, ಮಾರನೇ ವರ್ಷ ಏಪ್ರಿಲ್‌ನಿಂದ ಇಂಗ್ಲೆಂಡ್ ಮತ್ತೆ ವೇಲ್ಸ್‌ನ ಈ ಮಕ್ಕಳೆಲ್ಲಾ ಆರೋಗ್ಯ ಇಲಾಖೆಯಿಂದ ಶಿಕ್ಷಣ ಇಲಾಖೆಗೆ ಬಂದ್ರು. ಸ್ಕಾಟ್ಲೆಂಡ್‌ಗೆ 1974ರಲ್ಲಿ ಬೇರೆ ಕಾಯ್ದೆ ಬಂತು.

ಹೀಗೆ ಆಸ್ಪತ್ರೆ ಆವರಣದಲ್ಲೇ ಶಾಲೆ ಬಂತು. ಆದ್ರೆ ಕೂರೋಕಾಗದ, ಮಾತಿಲ್ಲದ, ಕೆಲವರಿಗೆ ಕಣ್ಣೂ ಕಿವಿಯೂ ಸರಿಯಿಲ್ಲದ ಮಗುಗೆ ಪಾಠ ಅಂದ್ರೆ ಏನು? ಟೀಚರ್‌ಗಳು ಕೆಲಸ ಮಾಡ್ತಾ ಮಾಡ್ತಾನೇ ಇದನ್ನ ಕಂಡ್ಕೋಬೇಕಾಯ್ತು. ಕತ್ತು ನಿಲ್ಲೋ ಹಾಗೆ ಸರಿಯಾಗಿ ಕೂರಿಸೋದು, ಆಗ ತಾನೇ ಮಗು ಎದುರಿಗಿರೋದನ್ನ ನೋಡೋಕೆ ಸಾಧ್ಯ. ಚಮಚ ಹಿಡಿಯೋದು ಒಂದು ಪಾಠ. ಎರಡು ವಸ್ತು ತೋರಿಸಿ ಯಾವುದು ಬೇಕು ಅಂತ ಕೇಳಿ, ಕಣ್ಣು ಯಾವ ಕಡೆ ಹೊರಳುತ್ತೆ ಅಂತ ಕಾಯೋದು, ಎಷ್ಟು ಹೊತ್ತಾದ್ರೂ ಕಾಯೋದು. ಇದನ್ನ ಬರೀ ಆರೈಕೆ ಅಂತ ತಳ್ಳಿಹಾಕೋರು ಇವತ್ತಿಗೂ ಇದ್ದಾರೆ, ನಾನು ಒಪ್ಪಲ್ಲ, ಬೇಕು ಬೇಡ ಅಂತ ತಿಳಿಸೋಕೆ ಕಲಿಯೋದಕ್ಕಿಂತ ದೊಡ್ಡ ಓದು ಆ ಮಗುಗೆ ಇನ್ಯಾವುದಿದೆ.

ಶಾಲೆ ಗಂಟೆ ಮುಗಿದ ಮೇಲೆ ಏನು ಅನ್ನೋದನ್ನ ಎತ್ತಿದ್ದು ಆಸ್ಪತ್ರೆ ಶಾಲೆಯಲ್ಲೇ ಟೀಚರ್ ಆಗಿದ್ದ ಮಾರೀನ್ ಆಸ್ವಿನ್. ಅವರು ಸಂಸ್ಥೆಗಳಲ್ಲಿರೋ ಮಕ್ಕಳ ಶನಿವಾರ ಭಾನುವಾರ ಹೇಗೆ ಕಳೆಯುತ್ತೆ ಅಂತ ಕೂತು ನೋಡಿ 1971ರಲ್ಲಿ ಪುಸ್ತಕ ತಂದ್ರು, 1978ರಲ್ಲಿ ಎಂಟು ಆಸ್ಪತ್ರೆಗಳ ಮಕ್ಕಳ ಬಗ್ಗೆ ಇನ್ನೊಂದು. ಟೀಚರ್ ಮನೆಗೆ ಹೋದ್ಮೇಲೆ ಮಗು ಮತ್ತೆ ಅದೇ ವಾರ್ಡಿಗೆ, ಆಟ ಇಲ್ಲ, ಎತ್ಕೊಳ್ಳೋರಿಲ್ಲ. ತುಂಬಾ ತೀವ್ರ ವೈಕಲ್ಯ ಇರೋ ಮಕ್ಕಳಿಗೇ ಎಲ್ಲಕ್ಕಿಂತ ಕಮ್ಮಿ ಗಮನ ಸಿಗ್ತಿತ್ತು. ಮಕ್ಕಳು ಆಸ್ಪತ್ರೆಯಲ್ಲಿ ಬೆಳೀಲೇಬಾರದು ಅನ್ನೋ ವಾದಕ್ಕೆ ಇಂಥ ಬರಹಗಳಿಂದ ಬಲ ಬಂತು, 1980ರ ದಶಕದಲ್ಲಿ ಮಕ್ಕಳನ್ನ ಚಿಕ್ಕ ಮನೆಗಳಿಗೆ, ಸಾಕು ಕುಟುಂಬಗಳಿಗೆ ಕಳಿಸ್ತಾ ಹೋದ್ರು, ವಾರ್ಡ್‌ಗಳು ಖಾಲಿಯಾದ ಹಾಗೆ ಆಸ್ಪತ್ರೆ ಶಾಲೆಗಳೂ ಮುಚ್ಚಿದ್ವು, ಮಕ್ಕಳು ಊರಿನ ವಿಶೇಷ ಶಾಲೆಗಳಿಗೆ ಬಸ್ಸಲ್ಲಿ ಹೋಗೋಕೆ ಶುರು ಮಾಡಿದ್ರು.