ಕ್ಲಿಕ್ ಬಂತು, ಗಿರಾಕಿ ಬರಲಿಲ್ಲ

‘ನಿಮ್ಮ ವೆಬ್‌ಸೈಟಿಗೆ 10,000 ಭೇಟಿ, ಬರೀ 999 ರೂಪಾಯಿಗೆ.’ ಗೋಕರ್ಣದ ಹೋಂಸ್ಟೇ ಇರಲಿ, ಶಿರಸಿಯ ಅಪ್ಪೆಮಿಡಿ ಉಪ್ಪಿನಕಾಯಿ ವ್ಯಾಪಾರವಿರಲಿ, ಒಂದು ವೆಬ್‌ಸೈಟ್ ಮಾಡಿಸಿದ ಮೇಲೆ ಇಂಥ ಆಮಿಷ ವಾಟ್ಸ್ಆ್ಯಪ್‌ಗೆ ಬಂದೇ ಬರುತ್ತದೆ. ಲೆಕ್ಕ ಹಾಕಿ: ಭೇಟಿಗೆ ಹತ್ತು ಪೈಸೆ. ರಜೆಗೆ ಕೋಣೆ ಹುಡುಕುವ ಬೆಂಗಳೂರಿನ ಕುಟುಂಬವೊಂದನ್ನು ಹತ್ತು ಪೈಸೆಗೆ ಯಾರೂ ಕರೆತರಲಾರರು. ಆ ದರಕ್ಕೆ ಬರುವುದು ಬಾಟ್: ಮನುಷ್ಯರಂತೆ ಪುಟ ತೆರೆದು, ಕೆಳಗೆ ಸರಿಸಿ, ಕ್ಲಿಕ್ ಮಾಡುವ ಪ್ರೋಗ್ರಾಮ್.

ಇಂಥ ಭೇಟಿಯನ್ನು ಕೊಳ್ಳದವರಿಗೂ ಕಾಟ ತಪ್ಪಿದ್ದಲ್ಲ. ನಿಮ್ಮ ಜಾಹೀರಾತನ್ನು ತೋರಿಸುವ ಜಾಲತಾಣ ಅಥವಾ ಆ್ಯಪ್‌ನ ಒಡೆಯನಿಗೆ ಪ್ರತಿ ಕ್ಲಿಕ್ಕಿಗೆ ನೀವು ತೆರುವ ಹಣದಲ್ಲಿ ಪಾಲು ಸಿಗುತ್ತದೆ. ಮೋಸ ಹುಟ್ಟುವುದೇ ಅಲ್ಲಿ. ಡೇಟಾ ಸೆಂಟರಿನ ಸರ್ವರಿನಿಂದ ಬರುವ ಬಾಟನ್ನು ಐಪಿ ವಿಳಾಸದಿಂದ, ಅಂದರೆ ಇಂಟರ್ನೆಟ್ಟಿನಲ್ಲಿ ಅದರ ಸಂಖ್ಯಾ ವಿಳಾಸದಿಂದ, ಹಿಡಿಯಬಹುದು. ಹಾಗಾಗಿ ವಂಚಕರು ಸಾಮಾನ್ಯ ಜನರ ಕಂಪ್ಯೂಟರುಗಳಿಗೇ ವೈರಸ್ ಹೊಗಿಸುತ್ತಾರೆ. 2018ರ ನವೆಂಬರಿನಲ್ಲಿ ಅಮೆರಿಕದ ನ್ಯಾಯ ಇಲಾಖೆ ಬಯಲಿಗೆಳೆದ ‘ಈವ್’ ಜಾಲ ಇಂಥ 17 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಬಳಸಿತ್ತು. ಯಾವ ಮನುಷ್ಯನೂ ನೋಡದ ಜಾಹೀರಾತುಗಳಿಗೆ ಕಂಪನಿಗಳು ತೆತ್ತದ್ದು 2.9 ಕೋಟಿ ಡಾಲರಿಗೂ ಹೆಚ್ಚು.

ಜಾಹೀರಾತಿಗೆ ತಿಂಗಳಿಗೆ 6,000 ರೂಪಾಯಿ, ಕ್ಲಿಕ್ಕಿಗೆ 6 ರೂಪಾಯಿ ಎಂದುಕೊಳ್ಳೋಣ. 1,000 ಕ್ಲಿಕ್ಕಿನಲ್ಲಿ 400 ಸುಳ್ಳಾದರೆ ನಿಜವಾದ ಕ್ಲಿಕ್ಕಿಗೆ ಬಿದ್ದ ಬೆಲೆ 10 ರೂಪಾಯಿ. ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಇಂದಿನ ಜಾಹೀರಾತು ವ್ಯವಸ್ಥೆ ಫಲಿತಾಂಶ ನೋಡಿ ಕಲಿಯುತ್ತದೆ. ವಿಚಾರಣೆಯ ಫಾರ್ಮ್ ತುಂಬಿದವರನ್ನೆಲ್ಲ ಗಿರಾಕಿ ಎಂದು ಲೆಕ್ಕಕ್ಕೆ ಕೊಟ್ಟಿದ್ದರೆ, ಬಾಟ್ ತುಂಬಿದ ಫಾರ್ಮೂ ಗಿರಾಕಿಯೇ. ಯಾವ ಆ್ಯಪಿನಿಂದ ಬಾಟ್ ಬಂತೋ ನಾಳೆಯ ಹಣವೂ ಅಲ್ಲಿಗೇ ಹರಿಯುತ್ತದೆ. ವರದಿಯಲ್ಲಿ ಸಂಖ್ಯೆ ಏರುತ್ತಲೇ ಇರುತ್ತದೆ, ಫೋನ್ ಮಾತ್ರ ಸುಮ್ಮನಿರುತ್ತದೆ. ಇದು ನಿಜಕ್ಕೂ ದೊಡ್ಡ ನಷ್ಟ. ಸಣ್ಣ ವ್ಯಾಪಾರಿಯ ಇಡೀ ಹಂಗಾಮನ್ನೇ ನುಂಗಿಬಿಡಬಲ್ಲದು.

ಹಾಗಾಗಿ ಮುಂಗಡ ಕೊಟ್ಟ ಬುಕಿಂಗನ್ನಷ್ಟೇ ಗುರಿಯಾಗಿ ಲೆಕ್ಕಕ್ಕೆ ಕೊಡಿ. ತಿಂಗಳಿಗೆ ನಾಲ್ಕೈದೇ ಬುಕಿಂಗ್ ಆಗುವಲ್ಲಿ ವ್ಯವಸ್ಥೆಗೆ ಕಲಿಯಲು ಅದು ಸಾಲದು. ಆಗ ಕ್ಲಿಕ್ಕಿನ ಗರಿಷ್ಠ ದರವನ್ನು ನೀವೇ ನಿಗದಿ ಮಾಡಿ, ಗೂಗಲ್‌ನಲ್ಲಿ ಹುಡುಕಿದವರಿಗೆ ಕಾಣುವ ಹುಡುಕಾಟದ ಜಾಹೀರಾತಿಗಷ್ಟೇ ನಿಲ್ಲಿ. ಗೂಗಲ್ ಆ್ಯಡ್ಸ್‌ನಲ್ಲಿ ಹುಡುಕಾಟದ ಜಾಹೀರಾತು ಹಾಕುವಾಗ ‘ಡಿಸ್‌ಪ್ಲೇ ನೆಟ್‌ವರ್ಕ್’, ‘ಸರ್ಚ್ ಪಾರ್ಟ್‌ನರ್ಸ್’ ಎರಡರ ಗುರುತನ್ನೂ ತೆಗೆಯಿರಿ. ಅವು ಜಾಹೀರಾತನ್ನು ಗೂಗಲ್ ಹುಡುಕಾಟದ ಹೊರಗಿನ ತಾಣಗಳಿಗೂ ಒಯ್ಯುತ್ತವೆ. ಊರು ಆಯುವಲ್ಲಿ ‘ಪ್ರೆಸೆನ್ಸ್’ (ಆ ಊರಿನಲ್ಲಿ ಇರುವವರು) ಮಾತ್ರ ಇರಲಿ. ‘ಇಂಟರೆಸ್ಟ್’ ಸೇರಿದ್ದರೆ ಹುಬ್ಬಳ್ಳಿ, ಬೆಳಗಾವಿ ಎಂದು ಆರಿಸಿದರೂ ಆ ಊರುಗಳನ್ನು ಬರೀ ಹುಡುಕಿದ ಪರದೇಶದವರಿಗೂ ಜಾಹೀರಾತು ಕಾಣುತ್ತದೆ. ಫೇಸ್‌ಬುಕ್‌ನಲ್ಲಾದರೆ ‘ಆಡಿಯನ್ಸ್ ನೆಟ್‌ವರ್ಕ್’ ತೆಗೆದುಹಾಕಿ. ಅದರಲ್ಲಿ ಜಾಹೀರಾತು ಬೇರೆಯವರ ಆ್ಯಪುಗಳಿಗೆ ಹೋಗುತ್ತದೆ.

ಸುಳ್ಳು ಭೇಟಿಯ ಗುರುತುಗಳು ತಾಣದ ಭೇಟಿಗಳ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್‌ನಲ್ಲಿ ಸಿಗುತ್ತವೆ. ಪುಟದಲ್ಲಿ ತೊಡಗಿರುವ ಸರಾಸರಿ ಹೊತ್ತು ಒಂದೆರಡು ಸೆಕೆಂಡ್. ಡೇಟಾ ಸೆಂಟರುಗಳ ಊರಾದ ಅಮೆರಿಕದ ಆ್ಯಶ್‌ಬರ್ನ್‌ನಿಂದ ರಾಶಿ ಭೇಟಿ. ಮಳೆಗಾಲದಲ್ಲಿ ನೇತ್ರಾಣಿ ದ್ವೀಪದ ಸ್ಕೂಬಾ ಡೈವಿಂಗ್ ನಿಂತಿರುವಾಗ, ರಾತ್ರಿ ಮೂರಕ್ಕೆ, ಆ ಪುಟಕ್ಕೇ ನುಗ್ಗಲು. ಒಂದೇ ಗುರುತು ಸಾಕ್ಷಿಯಲ್ಲ, ಎರಡು ಮೂರು ಕೂಡಿದರೆ ಸಂಶಯಪಡಿ. ಅನಾಲಿಟಿಕ್ಸ್ ತಾನಾಗಿ ಸೋಸುವುದು ಈಗಾಗಲೇ ಗೊತ್ತಿರುವ ಬಾಟುಗಳನ್ನು ಮಾತ್ರ.

ಸ್ವಂತ ಸುದ್ದಿತಾಣದಲ್ಲಿ ಗೂಗಲ್ ಜಾಹೀರಾತು ಹಾಕಿ ದುಡಿಯುವವರಂತೂ ಅಗ್ಗದ ಭೇಟಿಯನ್ನು ಮುಟ್ಟಲೇಬಾರದು. ಆ್ಯಡ್‌ಸೆನ್ಸ್ ಖಾತೆಯೇ ಮುಚ್ಚಿಹೋಗಬಹುದು.

ಗೂಗಲ್ ತಾನೇ ಪತ್ತೆಹಚ್ಚಿದ ಸುಳ್ಳು ಕ್ಲಿಕ್ಕಿಗೆ ಹಣ ಹಿಡಿಯುವುದಿಲ್ಲ. ವರದಿಗೆ ‘ಇನ್‌ವ್ಯಾಲಿಡ್ ಕ್ಲಿಕ್ಸ್’ ಕಾಲಂ ಸೇರಿಸಿದರೆ ಎಷ್ಟೆಂದು ಕಾಣುತ್ತದೆ. ಉಳಿದದ್ದಕ್ಕೆ ದೂರು ಕೊಡಲು ದಿನಾಂಕ, ಹೊತ್ತು, ಐಪಿ ವಿಳಾಸ, ಕ್ಲಿಕ್ಕಿನ ಜೊತೆ ಬರುವ ‘ಜಿಕ್ಲಿಡ್’ ಸಂಕೇತ ಬೇಕು. ಇವೆಲ್ಲ ಇರುವುದು ಪ್ರತಿ ಭೇಟಿಯನ್ನು ಬರೆದಿಡುವ ಸರ್ವರಿನ ಲಾಗ್‌ನಲ್ಲಿ. ಅಗ್ಗದ ಹೋಸ್ಟಿಂಗಿನಲ್ಲಿ ಹಳೆಯ ಲಾಗ್ ಬೇಗ ಅಳಿಸಿಹೋಗಬಹುದು, ಆದ್ದರಿಂದ ಜಾಹೀರಾತು ಓಡುವಷ್ಟು ದಿನ ವಾರಕ್ಕೊಮ್ಮೆ ಇಳಿಸಿಟ್ಟುಕೊಳ್ಳಿ.