ಮನಸ್ಸಿನ ಬುಡದಲ್ಲಿ ಕೂತಿರೋ ನಂಬಿಕೆ ಯಾಕೆ ಸುಲಭಕ್ಕೆ ಅಲ್ಲಾಡಲ್ಲ?

ಕುಗ್ಗಿಹೋಗಿರೋರಿಗೆ "ಪಾಸಿಟಿವ್ ಆಗಿ ಯೋಚ್ನೆ ಮಾಡು, ಎಲ್ಲ ಸರಿಹೋಗುತ್ತೆ" ಅಂತ ಹೇಳೋದು ಕೇಳಿದಾಗೆಲ್ಲ ನಂಗೆ ಸಿಟ್ಟು ಬರುತ್ತೆ. ಹೇಳೋರ ಮನಸ್ಸು ಒಳ್ಳೇದೇ, ಆದ್ರೆ 2009ರಲ್ಲಿ ಮನಶ್ಶಾಸ್ತ್ರಜ್ಞೆ ಜೋಆನ್ ವುಡ್ ಮತ್ತವರ ಜೊತೆಗಾರರು ಇದನ್ನೇ ಪರೀಕ್ಷೆ ಮಾಡಿ ನೋಡಿದ್ರು. ತಮ್ಮ ಬಗ್ಗೆ ಮೊದಲೇ ಕೀಳಾಗಿ ಅಂದ್ಕೊಂಡಿದ್ದವರು "ನಾನು ಪ್ರೀತಿಗೆ ಅರ್ಹ" ಅಂತ ಮತ್ತೆ ಮತ್ತೆ ಹೇಳ್ಕೊಂಡಾಗ ಅವರ ಮನಸ್ಸು ಹಗುರಾಗೋ ಬದ್ಲು ಇನ್ನಷ್ಟು ಕುಗ್ಗಿತು. ಬಾಯಿ ಒಂದು ಹೇಳ್ತಿದ್ರೆ ಒಳಗಿನ ನಂಬಿಕೆ "ಸುಳ್ಳು" ಅಂತ ಎದುರು ವಾದಿಸ್ತಾ ಇರುತ್ತೆ.

ಈ ಒಳಗಿನ ನಂಬಿಕೆಯ ಜಾಡು ಹಿಡಿದವರು ಅಮೆರಿಕದ ಮನೋವೈದ್ಯ ಆರನ್ ಬೆಕ್. ಖಿನ್ನತೆ ಅಂದ್ರೆ ಒಳಮುಖವಾಗಿ ತಿರುಗಿದ ಕೋಪ ಅನ್ನೋ ಫ್ರಾಯ್ಡ್ ಪರಂಪರೆಯ ವಿಚಾರವನ್ನ ಸಾಬೀತು ಮಾಡ್ಬೇಕು ಅಂತ ರೋಗಿಗಳ ಕನಸುಗಳನ್ನ ಅಧ್ಯಯನ ಮಾಡಿದ್ರು, ಸಿಕ್ಕಿದ್ದು ಕೋಪ ಅಲ್ಲ, ಸೋಲು, ನಷ್ಟ, ತಿರಸ್ಕಾರ. ಒಬ್ಬ ಮಹಿಳೆ ಅವರ ಮುಂದೆ ತನ್ನ ಕಥೆ ಹೇಳ್ತಾ ಇರೋವಾಗ್ಲೇ ಒಳಗೊಳಗೆ "ಡಾಕ್ಟರಿಗೆ ನನ್ನ ಮಾತು ಬೋರ್ ಆಗ್ತಿದೆ" ಅಂದ್ಕೊಳ್ತಾ ಇದ್ರಂತೆ. ಹೀಗೆ ಕರೆಯದೇ ಬಂದು ಮಿಂಚಿ ಹೋಗೋ ಯೋಚನೆಗಳಿಗೆ ಬೆಕ್ ಸ್ವಯಂಚಾಲಿತ ಯೋಚನೆ ಅಂತ ಹೆಸರಿಟ್ರು. ಅವುಗಳ ಬೇರು ಮೂಲ ನಂಬಿಕೆ: ನಾನು ಕೈಲಾಗದವನು, ನನ್ನನ್ನ ಯಾರೂ ಇಷ್ಟಪಡಲ್ಲ, ನಾನು ಯಾವುದಕ್ಕೂ ಬಾರದವನು.

ಇದು ದಿನನಿತ್ಯ ಹೇಗೆ ಕೆಲಸ ಮಾಡುತ್ತೆ ನೋಡಿ. ಗೆಳತಿಗೆ ಮೆಸೇಜ್ ಹಾಕಿದೀರ, ಓದಿದಾಳೆ, ರಿಪ್ಲೈ ಇಲ್ಲ. "ನನ್ನನ್ನ ಯಾರೂ ಇಷ್ಟಪಡಲ್ಲ" ಅನ್ನೋ ನಂಬಿಕೆ ಇರೋ ತಲೇಲಿ "ಬ್ಯುಸಿ ಇರ್ಬೇಕು" ಅನ್ನೋದು ಹೊಳೆಯೋದೇ ಇಲ್ಲ, "ಬೇಜಾರಾಗಿದಾಳೆ" ಅಂತ ನೇರವಾಗಿ ಬಂದುಬಿಡುತ್ತೆ. ಹಾಕಿದ ಮೆಸೇಜ್ ಡಿಲೀಟ್, ಮರುದಿನ ಸಿಕ್ಕಿದ್ರೂ ಮುಖ ಕೊಟ್ಟು ಮಾತಾಡಲ್ಲ. ಅವಳಿಗೆ ಏನೂ ಅರ್ಥ ಆಗಲ್ಲ, ಅವಳೂ ಸ್ವಲ್ಪ ದೂರ ಸರೀತಾಳೆ. "ನೋಡು, ಗೊತ್ತಿತ್ತು ನಂಗೆ!" ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಅದು ಇಲ್ಲಿ ಅರ್ಧ ಮಾತ್ರ ಸರಿ, ಯಾಕಂದ್ರೆ ಈ ನಂಬಿಕೆ ನೋಡೋದನ್ನಷ್ಟೇ ಬದಲಾಯಿಸಿ ಸುಮ್ನಿರಲ್ಲ, ಹೊರಗಿರೋದಕ್ಕೂ ಹೋಗಿ ಹಳದಿ ಬಳಿದು ಬರುತ್ತೆ.

ಇದನ್ನ ಬುದ್ಧಿ ಕಮ್ಮಿ ಇರೋರ ಸಮಸ್ಯೆ ಅಂದ್ಕೋಬೇಡಿ. 1960ರಲ್ಲಿ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ ವಿದ್ಯಾರ್ಥಿಗಳಿಗೆ 2, 4, 6 ಅಂತ ಕೊಟ್ಟು ಇದರ ಹಿಂದಿರೋ ನಿಯಮ ಕಂಡುಹಿಡೀರಿ, ನಿಮ್ಮದೇ ಮೂರು ಸಂಖ್ಯೆ ಹೇಳಿದ್ರೆ ನಿಯಮಕ್ಕೆ ಹೊಂದುತ್ತೋ ಇಲ್ವೋ ಹೇಳ್ತೀನಿ ಅಂದ್ರು. ಎರಡೆರಡು ಹೆಚ್ಚಾಗ್ತಿದೆ ಅಂದ್ಕೊಂಡವರು 8, 10, 12 ಅಂತಾರೆ, ಹೌದು ಅನ್ನೋ ಉತ್ತರ ಬರುತ್ತೆ, 20, 22, 24 ಅಂದ್ರೂ ಹೌದು, ಅಲ್ಲಿಗೆ ಗ್ಯಾರಂಟಿ ಆಯ್ತು ಅಂತ ಉತ್ತರ ಹೇಳ್ತಾರೆ, ತಪ್ಪು! ನಿಜವಾದ ನಿಯಮ ಏರುತ್ತಾ ಹೋಗೋ ಯಾವುದೇ ಮೂರು ಸಂಖ್ಯೆ, ಅಷ್ಟೇ. ಒಂದ್ಸಲ 1, 2, 9 ಅಂತ ಕೇಳಿದ್ರೆ ತಮ್ಮ ಊಹೆ ಬಿದ್ದುಹೋಗ್ತಿತ್ತು, ಆದ್ರೆ ತಮ್ಮ ಊಹೆಯನ್ನ ಮುರಿಯೋ ಪ್ರಶ್ನೆ ಕೇಳೋದು ನಮಗೆ ಸಹಜವಾಗಿ ಬರಲ್ಲ. ಬರೀ ಸಂಖ್ಯೆಯ ವಿಷಯದಲ್ಲೇ ಹೀಗಾದ್ರೆ, ಚಿಕ್ಕಂದಿನಿಂದ ಹೊತ್ತುಕೊಂಡು ಬಂದಿರೋ ನಂಬಿಕೆಯ ಗತಿ ಏನು?

ಅದಕ್ಕೇ ಬೆಕ್ ರೂಪಿಸಿದ ಅರಿವಿನ ಚಿಕಿತ್ಸೆಯಲ್ಲಿ (ಕಾಗ್ನಿಟಿವ್ ಥೆರಪಿ, ಅಂದ್ರೆ ಯೋಚನೆಗಳನ್ನ ಪರೀಕ್ಷೆ ಮಾಡಿ ಬದಲಾಯಿಸೋ ಚಿಕಿತ್ಸೆ) ಒಳ್ಳೆ ಮಾತು ತುಂಬೋದಕ್ಕಿಂತ ಇಂಥ ಮುರಿಯೋ ಪ್ರಶ್ನೆ ಕೇಳಿಸೋದು ಮುಖ್ಯ. ಮೊದಲು ಭವಿಷ್ಯವಾಣಿಯನ್ನ ಬರೆದಿಡಬೇಕು: "ನಾನೇ ಫೋನ್ ಮಾಡಿದ್ರೆ ಅವಳು ಬೇಗ ಕಟ್ ಮಾಡ್ತಾಳೆ, ಶೇಕಡ 90 ಗ್ಯಾರಂಟಿ." ಆಮೇಲೆ ನಿಜವಾಗ್ಲೂ ಫೋನ್ ಮಾಡ್ಬೇಕು, ಆಗಿದ್ದನ್ನ ಪಕ್ಕದಲ್ಲೇ ಬರೀಬೇಕು. ಮೊದಲೇ ಬರೆದಿಡೋದನ್ನ ಮಾತ್ರ ಬಿಡಬಾರ್ದು, ಇಲ್ಲಾಂದ್ರೆ ಅವಳು ಅರ್ಧ ಗಂಟೆ ಖುಷಿಯಾಗಿ ಮಾತಾಡಿದ್ರೂ ನಂಬಿಕೆ "ಪಾಪ ಅಂತ ಮಾತಾಡಿದ್ಲು" ಅಂತ ಲೆಕ್ಕ ತಿದ್ದಿಬಿಡುತ್ತೆ.